ಎರಡು ದಿನದ ಕೆಲಸ

ಯಾರನ್ನಾದರೂ ಬೈಯಬೇಕಾದರೆ ನಾನು ನಾಲ್ಕು ಸಲ ಯೋಚನೆ ಮಾಡುತ್ತೇನೆ. ಹೊಗಳುವಾಗ ಮಾತ್ರ ಮಾಡುವುದಿಲ್ಲ. ಒಳ್ಳೆಯ ಮಾತಿನಿಂದ ಯಾರಿಗೇನು ನಷ್ಟ ಎಂದುಕೊಂಡೇ ಅರವತ್ತೆರಡು ವರ್ಷ ಕಳೆದೆ. ಹೋದ ಚಳಿಗಾಲದಲ್ಲಿ ನಾನು ಆಡಿದ ಒಂದು ಒಳ್ಳೆಯ ಮಾತಿನಿಂದ ನನ್ನ ಸೊಸೆಯ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಆಗುವುದರಲ್ಲಿತ್ತು.

ನಾವಿರುವುದು ಬೋಗಾದಿಯಲ್ಲಿ. ಎಡಗಡೆ ಒಂದು ಮನೆ ಕಟ್ಟುತ್ತಿದ್ದಾರೆ, ಬಲಗಡೆ ಕಾಲೇಜು ಹುಡುಗಿಯರು ಬಾಡಿಗೆಗಿದ್ದಾರೆ. ಒಂದು ಕಡೆ ಧೂಳು, ಇನ್ನೊಂದು ಕಡೆ ನಗು. ನಗುವೂ ಇದೆಯಲ್ಲ ಎಂದು ಸಮಾಧಾನ. ಮನೆಯಲ್ಲಿ ಐದು ಜನ. ನಮ್ಮ ಯಜಮಾನರು ಮೇಷ್ಟ್ರಾಗಿದ್ದು ರಿಟೈರ್ ಆದವರು. ಮಗನಿಗೆ ಔಷಧಿ ಕಂಪನಿಯಲ್ಲಿ ತಿರುಗಾಟದ ಕೆಲಸ, ತಿಂಗಳಲ್ಲಿ ಹದಿನೈದು ದಿನ ಹಾಸನ, ಮಂಡ್ಯ, ಚಾಮರಾಜನಗರ ಅಂತ ಹೊರಗೇ ಇರುತ್ತಾನೆ. ಸೊಸೆ ಸಾಫ್ಟ್‌ವೇರ್ ಓದಿದವಳು. ಮೊಮ್ಮಗಳಿಗೆ ನಾಲ್ಕು ವರ್ಷ.

ಮಗು ಹುಟ್ಟಿದ ಮೇಲೆ ಸೊಸೆ ಕಂಪನಿ ಬಿಟ್ಟಳು. ಮಗು ಸ್ವಲ್ಪ ದೊಡ್ಡದಾದ ಮೇಲೆ ದೇವರ ಮನೆ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಂಡು ಹೊರಗಿನವರ ಕೆಲಸ ಹಿಡಿದು ಮಾಡತೊಡಗಿದಳು. ಗಂಟೆಗೆ ಇಷ್ಟು ಅಂತ ಲೆಕ್ಕ. ಕಂಪ್ಯೂಟರಿನಲ್ಲಿ ಒಂದು ಗಡಿಯಾರ ಇತ್ತು, ಕೂತಾಗ ಒತ್ತಬೇಕು, ಎದ್ದಾಗ ನಿಲ್ಲಿಸಬೇಕು. ಒಂದು ಲೋಟ ಕಾಫಿ ಕೊಡಲು ನಾನು ಹೋದರೂ ಮೊದಲು ಅದನ್ನು ನಿಲ್ಲಿಸಿ ಆಮೇಲೆ ಲೋಟ ಹಿಡಿಯುತ್ತಿದ್ದಳು. ಅಷ್ಟು ನಿಯತ್ತು.

ಒಂದು ಮಧ್ಯಾಹ್ನ ಇಬ್ಬರೂ ಕೂತು ಹಿತಕವರೆ ಮಾಡುತ್ತಿದ್ದೆವು. ನೆನೆದ ಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುತ್ತಿದ್ದವಳು ಸುಮ್ಮನೆ ಕೂತುಬಿಟ್ಟಳು. ಆಮೇಲೆ "ಗೊತ್ತಾಯ್ತು!" ಅಂದವಳೇ ಕೈ ತೊಳೆಯದೆ ಎದ್ದು ಹೋದಳು. ಮೂರು ದಿನದಿಂದ ಕಂಪ್ಯೂಟರಿನ ಮುಂದೆ ಬಿಡಿಸಲಾಗದೆ ಇದ್ದ ಗಂಟು ಅವರೆಕಾಳಿನ ಮುಂದೆ ಬಿಚ್ಚಿಕೊಂಡಿತ್ತಂತೆ. ಹತ್ತು ನಿಮಿಷದಲ್ಲಿ ವಾಪಸ್ ಬಂದಳು.

"ಬಟನ್ ಒತ್ತಿದ್ಯಾ?" ಎಂದು ಕೇಳಿದೆ.

"ಒತ್ತಿದೆ ಅತ್ತೆ. ಹತ್ತು ನಿಮಿಷ."

"ಮತ್ತೆ ಇಲ್ಲಿ ಕೂತು ಯೋಚನೆ ಮಾಡಿದ್ದು?"

"ಅವರೆ ಸುಲಿಯೋದಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದು ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕೈ ಪಳಗಿದಂತೆಲ್ಲ ಅವಳ ಕೆಲಸ ಬೇಗ ಮುಗಿಯುತ್ತಿತ್ತು, ಬೇಗ ಮುಗಿದಂತೆಲ್ಲ ಬರುವ ದುಡ್ಡು ಕಡಿಮೆಯಾಗುತ್ತಿತ್ತು. ಅದೇ ಹೊತ್ತಿಗೆ ಹಳೆಯ ಕಂಪನಿಯವರು ಮತ್ತೆ ಕರೆದರು. ಸಂಬಳ ಚೆನ್ನಾಗಿದೆ, ಆದರೆ ಮನೆಯಿಂದ ಮಾಡುವ ಹಾಗಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಕಂಪನಿ ಬಸ್ಸು ಹತ್ತಿದರೆ ಇಳಿಯುವಾಗ ರಾತ್ರಿ ಎಂಟು. ಹದಿನೈದು ದಿನದಲ್ಲಿ, ಒಂದು ಸೋಮವಾರದೊಳಗೆ, ಉತ್ತರ ಹೇಳಬೇಕಿತ್ತು.

"ಒಂದೇ ಒಂದು ಕೆಲಸ ಸರಿಯಾದ ಬೆಲೆಗೆ ಸಿಕ್ಕರೆ ಇಲ್ಲೇ ಇರ್ತೀನಿ ಅತ್ತೆ. ಇಲ್ಲದಿದ್ರೆ ಹೋಗ್ತೀನಿ," ಅಂದಳು. ಹೋಗಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಮಗುವನ್ನು ನಾನು ನೋಡಿಕೊಳ್ಳಬಲ್ಲೆ. ಆದರೆ ಬೆಳಗ್ಗೆ ಮಲಗಿದ್ದ ಮಗುವನ್ನು ಬಿಟ್ಟು ಹೋಗಿ ರಾತ್ರಿ ಮಲಗಿದ ಮೇಲೆ ಬರುವುದು ಅವಳಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಆಗ ಬಂದವರು ಸಿದ್ಧಾರ್ಥನಗರದ ಕ್ಯಾಟರಿಂಗ್‌ನವರು. ಅವರ ಹೆಂಡತಿ ನಮ್ಮ ಶನಿವಾರದ ಭಜನೆ ಮಂಡಳಿಯವರು. ಮದುವೆ, ಮುಂಜಿ, ಗೃಹಪ್ರವೇಶ, ವರ್ಷಾಬ್ದಿಕದ ಊಟ ಎಲ್ಲಾ ಮಾಡುತ್ತಾರೆ. ಒಂದು ಭಾನುವಾರ ಮನೆಗೆ ಬಂದು ಕೂತರು.

"ಮೇಡಂ, ಆರ್ಡರ್ ಬರ್ಕೊಳ್ಳೋಕೆ ಮೊಬೈಲಲ್ಲಿ ಏನಾದ್ರೂ ಮಾಡ್ಕೊಡಿ. ಗಂಟೆಗೆ ಎಷ್ಟು ತಗೋತೀರಾ?"

"ಅದು ಆಮೇಲೆ ಸರ್. ಇಷ್ಟು ವರ್ಷ ಡೈರಿಲಿ ಬರ್ಕೊಂಡಿದ್ರಲ್ಲ, ಈಗ ಯಾಕೆ ಬೇಕು ಅನ್ನಿಸ್ತು?"

ಅವರು ಕಾಫಿ ಲೋಟ ಕೆಳಗಿಟ್ಟರು. ಅದರ ಹಿಂದಿನ ವರ್ಷ ಕುಂಬಾರಕೊಪ್ಪಲಿನ ಕಡೆ ಒಂದು ಮನೆಯಲ್ಲಿ ತೀರಿಹೋದ ಯಜಮಾನರ ವರ್ಷಾಬ್ದಿಕ. ಫೋನಿನಲ್ಲಿ "ದಶಮಿ" ಎಂದಷ್ಟೇ ಹೇಳಿದ್ದರು. ಇವರು ಗೋಡೆಯ ಕ್ಯಾಲೆಂಡರ್ ನೋಡಿದರು, ಬುಧವಾರದ ಚೌಕದಲ್ಲಿ ದಶಮಿ ಇತ್ತು, ಬುಧವಾರ ಎಂದು ಬರೆದುಕೊಂಡರು. ಆದರೆ ದಶಮಿ ಹಿಡಿದಿದ್ದು ಮಂಗಳವಾರ ಬೆಳಿಗ್ಗೆಯೇ. ಆ ಮನೆಯ ಪುರೋಹಿತರು ಮಂಗಳವಾರವೇ ಮಾಡಬೇಕು ಎಂದಿದ್ದರು. ಮಂಗಳವಾರ ಮಧ್ಯಾಹ್ನ ಎಲೆ ಹಾಕಿ, ಬ್ರಾಹ್ಮಣರನ್ನು ಕೂರಿಸಿ, ಊಟ ಎಲ್ಲಿ ಎಂದು ಫೋನ್ ಮಾಡಿದರು. ಇವರು "ನಾಳೆ ಅಲ್ವಾ?" ಅಂದರು.

"ಬೈದಿದ್ರೆ ಚೆನ್ನಾಗಿತ್ತು ಮೇಡಂ. ಬೈಲಿಲ್ಲ. ಆ ಮನೆ ಅಜ್ಜಿಗೆ ಎಂಬತ್ತು ವರ್ಷ. ಗಂಡನ ಕಾರ್ಯಕ್ಕೆ ತಾವೇ ಮಡಿ ಉಟ್ಕೊಂಡು ಅನ್ನ ಬಸಿದ್ರಂತೆ. ಕಾರ್ಯ ಮುಗಿಯೋ ಹೊತ್ಗೆ ಐದು ಗಂಟೆ." ಮತ್ತೆ ಹೇಳಿದರು, "ಆ ಬೀದಿಯಿಂದ ಈಗ ನಂಗೆ ಒಂದು ಆರ್ಡರೂ ಇಲ್ಲ. ಅದು ಇರ್ಲಿ. ಪಿತೃಗಳನ್ನ ಎಲೆ ಮುಂದೆ ಕಾಯಿಸಿದ್ದೀನಲ್ಲ, ಅದು ಹೋಗ್ತಿಲ್ಲ ತಲೆಯಿಂದ."

ಸೊಸೆ ಕೇಳುತ್ತಾ ಹೋದಳು. ವರ್ಷಕ್ಕೆ ಇಂಥ ಊಟ ಎಷ್ಟು? ವ್ಯಾಪಾರದಲ್ಲಿ ಅರ್ಧ. ಆರ್ಡರ್ ಯಾರು ಬರೆದುಕೊಳ್ಳುತ್ತಾರೆ? ಫೋನ್ ಎತ್ತಿದವರು. ಹಿಂದಿನ ದಿನ ಯಾರಾದರೂ ಮನೆಯವರಿಗೆ ಫೋನ್ ಮಾಡುತ್ತಾರಾ? ನೆನಪಾದರೆ. ಗುರುವಾರ ಬೆಲೆ ತಿಳಿಸುತ್ತೇನೆ ಎಂದು ಹೇಳಿ ಕಳಿಸಿದಳು.

"ಇಷ್ಟು ಹೊತ್ತು ಕೂತೆ, ಕಂಪ್ಯೂಟರ್ ಮಾತು ಒಂದೂ ಆಡ್ಲಿಲ್ವಲ್ಲಮ್ಮ," ಅಂದೆ.

"ಅವ್ರಿಗೆ ಬೇಕಿರೋದು ಕಂಪ್ಯೂಟರ್ ಅಲ್ಲ ಅತ್ತೆ. ಇನ್ನೊಂದ್ಸಲ ಹಾಗಾಗಬಾರ್ದು, ಅಷ್ಟೇ. ಈ ಸಲ ಗಂಟೆ ಲೆಕ್ಕ ಹೇಳಲ್ಲ. ಆ ಭಯ ಹೋಗೋದಕ್ಕೆ ಏನು ಬೆಲೆನೋ ಅದನ್ನ ಹೇಳ್ತೀನಿ."

ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ಎಷ್ಟು ಎಂದು ಕೇಳಿದೆ. ನಮ್ಮ ಯಜಮಾನರ ನಾಲ್ಕು ತಿಂಗಳ ಪೆನ್ಷನ್ ಅದು. ಭಯಪಟ್ಟವರ ಹತ್ತಿರ ಹೆಚ್ಚು ಕೇಳುವುದು ಪಾಪವಲ್ಲವೇ ಎಂದು ಕೇಳಿಯೇಬಿಟ್ಟೆ. ಅವಳಿಗೆ ಕೋಪ ಬರಲಿಲ್ಲ. "ಎರಡು ಮದುವೆ ಆರ್ಡರ್ ಕೈತಪ್ಪಿದ್ರೆ ಅವ್ರಿಗೆ ಇದಕ್ಕಿಂತ ಜಾಸ್ತಿ ಹೋಗುತ್ತೆ ಅತ್ತೆ. ಅವ್ರಿಗೆ ಉಳಿಯೋದ್ರಲ್ಲಿ ನಾನು ಕಾಲು ಭಾಗಾನೂ ಕೇಳ್ತಿಲ್ಲ," ಅಂದಳು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಸೋಮವಾರ, ಮಂಗಳವಾರ ಕೂತು ಒಂದು ನಮೂನೆ ಮಾಡಿದಳು. ಪಂಚಾಂಗದ ಗಣಿತ ಮಾಡುವ ಸಲಕರಣೆ ಈಗಾಗಲೇ ಕಂಪ್ಯೂಟರಿನವರ ಹತ್ತಿರ ಸಿದ್ಧ ಇರುತ್ತದಂತೆ. ಅದನ್ನು ತಂದು ಜೋಡಿಸಿದಳು. ಸಂಜೆ ನನ್ನನ್ನು ಕರೆದು ಮೊಬೈಲ್ ಕೈಗಿಟ್ಟಳು. ಕನ್ನಡದಲ್ಲೇ ಇತ್ತು. ಮೇಲೆ "ಕಾರ್ಯಕ್ರಮ" ಎಂದು ಇತ್ತು, "ಮದುವೆ" ಎಂಬುದನ್ನು ಒತ್ತಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಪ್ರಶ್ನೆ ಬಂತು: "ತಿಥಿ ಯಾವಾಗ?"

"ಅಯ್ಯೋ ರಾಮ! ಮದುವೆ ಊಟ ಹೇಳೋಕೆ ಬಂದೋರ್ನ ತಿಥಿ ಯಾವಾಗ ಅಂತ ಕೇಳ್ತೀಯೇನಮ್ಮ?"

ಅವಳು ನನ್ನ ಮುಖ ನೋಡಿದಳು. "ಪಂಚಾಂಗದಲ್ಲಿ ತಿಥಿ ಅಂತಾನೇ ಇದೆಯಲ್ಲ ಅತ್ತೆ?"

"ಪಂಚಾಂಗದಲ್ಲಿ ಇರುತ್ತೆ. ಬೀದಿಲಿ ತಿಥಿ ಅಂದ್ರೆ ಸತ್ತೋರ ಊಟ ಕಣಮ್ಮ! ಬೀಗರು ಚಪ್ಪಲಿ ಹಾಕ್ಕೊಂಡು ಎದ್ದು ಹೋಗ್ತಾರೆ."

ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಅಲ್ಲಿಂದಲೇ, "ಕೇಳ್ಲಿ ಬಿಡೇ, ಮದುವೆ ಆದ್ಮೇಲೆ ಮುಂದಿನ ಕಾರ್ಯಕ್ರಮ ಅದೇ ತಾನೆ," ಅಂದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ "ತಿಥಿ ಯಾವಾಗ" ತೆಗೆದು "ಯಾವ ದಿನ" ಎಂದು ಮಾಡಿದಳು. ಅರ್ಧ ನಿಮಿಷ ಹಿಡಿಯಿತು.

"ನೋಡಿ ಅತ್ತೆ, ಗಂಟೆ ಲೆಕ್ಕದಲ್ಲಿ ಈ ಅರ್ಧ ನಿಮಿಷಕ್ಕೆ ಏನು ಸಿಗುತ್ತೆ? ಆದ್ರೆ ಇದನ್ನ ಹೀಗೇ ಕೊಟ್ಟಿದ್ರೆ ಅವ್ರ ಕಥೆ ಏನಾಗ್ತಿತ್ತು?"

ಆಗ ನನಗೆ ಅವಳು ಹೇಳಿದ ಬೆಲೆಯ ವಿಷಯ ಸ್ವಲ್ಪ ತಲೆಗೆ ಹೋಯಿತು.

ಆಮೇಲೆ ನಾನು ಪಂಚಾಂಗ ತಂದು ಅವಳ ಪಕ್ಕ ಕೂತೆ. ನಮ್ಮ ಮಾವನವರ ಶ್ರಾದ್ಧಕ್ಕೆ ಮೂವತ್ತು ವರ್ಷದಿಂದ ಪುರೋಹಿತರು ಹೇಳುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠ. ಹಬ್ಬಕ್ಕೆ ಸಾಮಾನ್ಯವಾಗಿ ಸೂರ್ಯ ಹುಟ್ಟುವಾಗ ಇರುವ ತಿಥಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗುವುದೂ ಅದೇ. ಶ್ರಾದ್ಧಕ್ಕೆ ಮಧ್ಯಾಹ್ನದ ಮೇಲೆ ಇರುವ ತಿಥಿ ನೋಡಬೇಕು. ಎಷ್ಟೋ ಸಲ ಎರಡೂ ಬೇರೆ ಬೇರೆ ದಿನ ಬರುತ್ತವೆ. ನಾನು ಒಂದೊಂದೇ ಓದುತ್ತಾ ಹೋದೆ, ಅವಳು ತನ್ನದರ ಜೊತೆ ತಾಳೆ ನೋಡಿದಳು. ಎರಡು ಕಡೆ ನಮ್ಮ ಪಂಚಾಂಗಕ್ಕೂ ಅವಳ ಯಂತ್ರಕ್ಕೂ ಹೊಂದಲಿಲ್ಲ. ಒಂದೊಂದು ಮನೆಯವರು ಒಂದೊಂದು ಮಠದ ಪಂಚಾಂಗ ಇಟ್ಟುಕೊಳ್ಳುತ್ತಾರೆ, ನಾವು ತೀರ್ಪು ಕೊಡುವುದಕ್ಕೆ ಯಾರು ಅಂದೆ. ಅನುಮಾನವಿದ್ದ ಕಡೆಯೆಲ್ಲ ಕೆಂಪಾಗಿ "ಮನೆಯವರನ್ನು ಕೇಳಿ" ಎಂದು ಬರುವ ಹಾಗೆ ಮಾಡಿದಳು.

ಗುರುವಾರ ಬೆಲೆ ತಿಳಿಸಿದಳು. ಕ್ಯಾಟರಿಂಗ್‌ನವರು "ಆಯ್ತು ಮೇಡಂ. ಭಾನುವಾರ ಬಂದು ಅಡ್ವಾನ್ಸ್ ಕೊಡ್ತೀನಿ," ಅಂದರಂತೆ. ಸೋಮವಾರ ಕಂಪನಿಗೆ ಉತ್ತರ ಕೊಡುವ ದಿನ. ಎಲ್ಲಾ ಸರಿಹೊಂದಿತು ಎಂದು ಶುಕ್ರವಾರ ಅಮ್ಮನವರಿಗೆ ತುಪ್ಪದ ದೀಪ ಹಚ್ಚಿದೆ.

ಶನಿವಾರ ಭಜನೆ. ಮಂಗಳಾರತಿ ಆಗಿ ಕೋಸಂಬರಿ ಹಂಚುತ್ತಿದ್ದಾಗ ಕ್ಯಾಟರಿಂಗ್‌ನವರ ಹೆಂಡತಿ ಪಕ್ಕಕ್ಕೆ ಬಂದು, "ನಿಮ್ಮ ಸೊಸೆ ನಮ್ಮನೆಯವ್ರ ಕೆಲಸ ಶುರು ಮಾಡಿದಾರಾ?" ಅಂದರು.

"ಶುರು ಏನು ಬಂತು ಕಣ್ರೀ, ಮುಗಿಸೇಬಿಟ್ಟಿದಾಳೆ! ಎರಡೇ ದಿನ. ಅದೂ ಮಗೂಗೆ ಊಟ ಮಾಡಿಸ್ಕೊಂಡು, ಬಟ್ಟೆ ಒಣಗಿಸ್ಕೊಂಡು."

"ಎರಡೇ ದಿನಾನಾ!"

"ಎರಡೇ ದಿನ," ಎಂದು ಬೆರಳು ತೋರಿಸಿದೆ. ಸುತ್ತ ಇದ್ದ ನಾಲ್ಕು ಜನ ಸೊಸೆ ಅಂದರೆ ಹೀಗಿರಬೇಕು ಅಂದರು. ಇನ್ನೊಂದು ಸೌಟು ಕೋಸಂಬರಿ ಹಾಕಿಸಿಕೊಂಡು ಸಂತೋಷವಾಗಿ ಮನೆಗೆ ಬಂದೆ.

ಸಂಜೆ ಸೊಸೆಗೆ ಕ್ಯಾಟರಿಂಗ್‌ನವರ ಫೋನ್ ಬಂತು. ಅವಳ ಮಾತು ಮಾತ್ರ ನನಗೆ ಕೇಳಿಸುತ್ತಿತ್ತು. "ಹೇಳಿ ಸರ್... ಹೌದು, ಎರಡು ದಿನ... ಯಾರು ಹೇಳಿದ್ರು?... ಓ." ಆಮೇಲೆ ತುಂಬ ಹೊತ್ತು ಅವರೇ ಮಾತಾಡಿದರು. "ಸರಿ ಸರ್, ನಾಳೆ ಬನ್ನಿ. ಮಾತಾಡೋಣ."

ಒಳಗೆ ಬಂದು ಕೇಳಿದಳು. "ಅತ್ತೆ, ಭಜನೆಲಿ ಏನಾದ್ರೂ ಹೇಳಿದ್ರಾ?"

"ಒಳ್ಳೇದೇ ಹೇಳಿದ್ದು ಕಣಮ್ಮ!"

"ಒಳ್ಳೇದೇ ಹೇಳಿದೀರಿ. ಅದೇ ತೊಂದ್ರೆ ಆಗಿರೋದು." ನಗಲು ನೋಡಿದಳು, ಆಗಲಿಲ್ಲ. ಎರಡು ದಿನದ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ, ಎರಡು ದಿನದ ಕೂಲಿ ಎಷ್ಟೋ ಅಷ್ಟು ಹೇಳಿ, ಇಲ್ಲದಿದ್ದರೆ ಬೇಡ ಎನ್ನುತ್ತಿದ್ದರಂತೆ.

"ಹಾಗಾದ್ರೆ ಇದನ್ನೇ ಎಳೆದು ಎಳೆದು ಎರಡು ತಿಂಗಳು ಮಾಡಿದ್ರೆ ಖುಷಿಯಾಗಿ ಕೊಡ್ತಿದ್ರಾ?" ಅಂದೆ. ನನಗೆ ಕಣ್ಣಲ್ಲಿ ನೀರು ಬಂತು. "ನಾನೇ ಫೋನ್ ಮಾಡ್ತೀನಿ. ಮುದುಕಿಗೆ ಏನೂ ತಿಳಿಯಲ್ಲ, ಇಪ್ಪತ್ತು ದಿನ ಹಿಡೀತು ಅಂತ ಹೇಳ್ಬಿಡ್ತೀನಿ."

"ಬೇಡ ಅತ್ತೆ. ಎರಡು ದಿನ ಅನ್ನೋದು ನಿಜ ತಾನೆ? ನಿಜಾನೇ ಇರ್ಲಿ."

ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಾ, "ಇವಳೇ, ಹೊಗಳಲೇಬೇಕು ಅನ್ಸಿದ್ರೆ ನನ್ನ ಹೊಗಳಬಾರ್ದಾಗಿತ್ತಾ? ನಂಗೆ ಬರೋದು ಪೆನ್ಷನ್ನು, ಅದ್ರಲ್ಲಿ ಯಾರೂ ಕಡಿಮೆ ಮಾಡೋಕಾಗಲ್ಲ," ಅಂದರು. ಯಾರೂ ನಗಲಿಲ್ಲ.

ಮಾರನೆಯ ಬೆಳಿಗ್ಗೆ ದೇವರ ಮುಂದೆ ಕೂತರೆ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಇನ್ನೊಬ್ಬರ ಜೇಬಿನಿಂದ ಹೆಚ್ಚು ದುಡ್ಡು ಕೊಡಿಸಪ್ಪಾ ಎಂದು ದೇವರನ್ನು ಕೇಳುವುದು ಹೇಗೆ? ಕಡೆಗೆ, ಅವಳ ಬಾಯಲ್ಲಿ ಸರಿಯಾದ ಮಾತು ಬರಲಿ, ನನ್ನ ಬಾಯಲ್ಲಿ ಯಾವ ಮಾತೂ ಬರದಿರಲಿ ಎಂದು ಕೇಳಿಕೊಂಡೆ.

ಹತ್ತು ಗಂಟೆಗೆ ಅವರು ಬಂದರು. ಕೂತವರೇ, "ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮಲ್ಲಿ ಬಡಿಸೋರಿಗೂ ದಿನದ ಲೆಕ್ಕಾನೇ, ಪಾತ್ರೆ ತೊಳೆಯೋರಿಗೂ ದಿನದ ಲೆಕ್ಕಾನೇ. ಎರಡು ದಿನಕ್ಕೆ ಇಷ್ಟು ಕೊಟ್ಟೆ ಅಂದ್ರೆ ಮನೇಲಿ ಹೆಂಡ್ತಿ ನನ್ನೇ ನೋಡಿ ನಗ್ತಾಳೆ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಅಮ್ಮ. ಎರಡೇ ದಿನ ತಾನೆ?"

ಮಾತು ಬರದಿರಲಿ ಎಂದು ಕೇಳಿಕೊಂಡರೆ ದೇವರು ನೇರವಾಗಿ ನನ್ನನ್ನೇ ಸಾಕ್ಷಿ ಕಟಕಟೆಗೆ ಹತ್ತಿಸಿದ್ದ. "ಎರಡೇ ದಿನ. ನಾನು ನೋಡಿದೀನಿ," ಅಂದೆ.

ಸೊಸೆ ಗಾಬರಿಯಾಗಲಿಲ್ಲ. "ದಿನದ ಲೆಕ್ಕಾನೇ ಬೇಕು ಅಂದ್ರೆ ಅದೂ ಇದೆ ಸರ್," ಎಂದು ಮೊಬೈಲ್ ತೆಗೆದಳು. "ಇದರಲ್ಲಿ ಆರ್ಡರ್ ಬರ್ಕೋಬಹುದು, ಸಾಮಾನಿನ ಪಟ್ಟಿ ಬರುತ್ತೆ. ಎರಡು ದಿನದ ಕೂಲಿ ಕೊಡಿ, ಸಂತೋಷವಾಗಿ ಕೊಡ್ತೀನಿ. ಆದ್ರೆ ನೀವು ಬರೆದ ದಿನ ಸರಿನಾ ತಪ್ಪಾ ಅಂತ ಇದು ನೋಡಲ್ಲ. ಬುಧವಾರ ಅಂತ ಬರೆದ್ರೆ ಬುಧವಾರ. ನಿಮ್ಮ ಡೈರಿ ಥರಾನೇ."

"ಮತ್ತೆ ಅದು?"

"ಅದು ನಾನು ಹೇಳಿದ ಬೆಲೆದು. ದಿನ ನೋಡುತ್ತೆ. ಅನುಮಾನ ಬಂದ್ರೆ ಹೇಳುತ್ತೆ. ಹಿಂದಿನ ದಿನ ನಿಮಗೂ ಆ ಮನೆಯೋರಿಗೂ ಮೆಸೇಜ್ ಹೋಗುತ್ತೆ. ವರ್ಷದೊಳಗೆ ಏನು ಹೆಚ್ಚುಕಮ್ಮಿ ಆದ್ರೂ ನಾನೇ ಸರಿಮಾಡ್ತೀನಿ, ಅದಕ್ಕೆ ಬೇರೆ ದುಡ್ಡಿಲ್ಲ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ. ಯಾವುದಾದ್ರೂ ನಂಗೆ ಬೇಜಾರಿಲ್ಲ."

ಎರಡನೆಯದನ್ನು ತೆಗೆದು ಅವರ ಕೈಗೆ ಕೊಟ್ಟಳು. ಸೌಟು ಹಿಡಿದು ದಪ್ಪಗಾದ ಬೆರಳು, ಎರಡು ಸಲ ತಪ್ಪಾಗಿ ಒತ್ತಿದರು. ಅವರು ಏನು ಬರೆಯುತ್ತಿದ್ದಾರೆ ಎಂದು ನಮಗೆ ಆಮೇಲೆ ತಿಳಿಯಿತು. ಹೋದ ವರ್ಷ, ಅದೇ ಮಾಸ, ಅದೇ ದಶಮಿ, ವರ್ಷಾಬ್ದಿಕ. ಮೊಬೈಲ್ ಕೆಂಪಾಯಿತು. ಅವರು ಗಟ್ಟಿಯಾಗಿ ಓದಿದರು:

"ಮಂಗಳವಾರ. ಕ್ಯಾಲೆಂಡರಿನಲ್ಲಿ ಬುಧವಾರ ಎಂದಿರಬಹುದು. ಮನೆಯವರನ್ನು ಕೇಳಿ."

ಇನ್ನೊಂದು ಸಲ ಓದಿದರು, ಈ ಸಲ ಮನಸ್ಸಿನಲ್ಲಿ.

"ಇಷ್ಟೇ ನೋಡಿ. ಅವತ್ತು ಯಾರಾದ್ರೂ ಇಷ್ಟು ಹೇಳಿದ್ರೆ ಸಾಕಾಗಿತ್ತು," ಅಂದರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಅವರ ದನಿಯೇ ಬೇರೆಯಾಗಿತ್ತು. "ಎರಡು ದಿನದಲ್ಲಿ ಆಗಿದ್ದು ಒಳ್ಳೇದೇ ಆಯ್ತು ಬಿಡಿ ಮೇಡಂ. ಮುಂದಿನ ವಾರ ಎರಡು ವರ್ಷಾಬ್ದಿಕ ಇದೆ. ಅಷ್ಟ್ರೊಳಗೆ ಸಿಗುತ್ತಾ?"

"ಗುರುವಾರ ಕೊಡ್ತೀನಿ."

"ನೀವು ಹೇಳಿದ್ದೇ ಇರ್ಲಿ. ಆದ್ರೆ ಒಂದು ಕೊಸರು ಹಾಕ್ಬೇಕು. ತರಕಾರಿಯೋನೂ ಕರಿಬೇವು ಹಾಕ್ತಾನೆ, ನೀವು ಹಾಕಲ್ವಾ? ಫೋನ್ ಎತ್ತೋಳು ನಮ್ಮನೆಯೋಳು. ಅವಳಿಗೆ ಇದನ್ನ ಕಲಿಸ್ಕೊಡ್ಬೇಕು."

ಸೊಸೆ ನನ್ನ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಗುವಷ್ಟರಲ್ಲಿ ಹೇಳಿಬಿಟ್ಟಿದ್ದಳು. "ಕೊಸರು ನಮ್ಮತ್ತೆ ಹಾಕ್ತಾರೆ ಸರ್. ಶನಿವಾರ ಭಜನೆ ಮುಗಿದ್ಮೇಲೆ ಅವ್ರೇ ಕೂತು ಕಲಿಸ್ತಾರೆ."

"ಸರಿಯಾದ ಶಿಕ್ಷೆ," ಎಂದು ಯಜಮಾನರು ಜಗುಲಿಯಿಂದ ಅಂದರು. ಈ ಸಲ ಎಲ್ಲರೂ ನಕ್ಕೆವು, ಕ್ಯಾಟರಿಂಗ್‌ನವರು ಎಲ್ಲರಿಗಿಂತ ಜೋರಾಗಿ.

ಸೋಮವಾರ ಬೆಳಿಗ್ಗೆ ಕಂಪನಿಗೆ ಬರೆದಳು. ಕರೆದಿದ್ದಕ್ಕೆ ಧನ್ಯವಾದ, ಈಗ ಬರಲಾಗುವುದಿಲ್ಲ ಎಂದು ಎರಡೇ ಸಾಲು. ಕಳಿಸುವ ಮೊದಲು ನನಗೆ ಓದಿ ಹೇಳಿ, "ಸರೀನಾ ಅತ್ತೆ?" ಅಂದಳು. ಇಂಗ್ಲಿಷಿನ ಪತ್ರ ಸರಿಯೋ ತಪ್ಪೋ ನನಗೇನು ಗೊತ್ತು. ಸರಿ ಅಂದೆ. ಮುಂದಿನ ಕೆಲಸವೂ ಇಂಥದೇ ಬೆಲೆಗೆ ಸಿಗುತ್ತದೆ ಎಂದು ಯಾರೂ ಬರೆದು ಕೊಟ್ಟಿಲ್ಲ. ಒಂದು ಸಿಕ್ಕಿತು, ಅಷ್ಟು ಸಾಕು. ಬೇಡಿದ್ದು ಒಂದೇ ತಾನೆ.

ಆ ಶುಕ್ರವಾರ ಮಗುವಿಗೆ ಜ್ವರ ಬಂತು. ದೊಡ್ಡ ಜ್ವರವೇನಲ್ಲ, ಚಳಿಗಾಲದಲ್ಲಿ ಎಲ್ಲ ಮಕ್ಕಳಿಗೂ ಬರುವಂಥದ್ದು. ಮಗ ಚಾಮರಾಜನಗರದಲ್ಲಿದ್ದ. ಮಧ್ಯಾಹ್ನ ನಾನು ಮೆಣಸಿನ ಸಾರು, ಮೆತ್ತಗಿನ ಅನ್ನ ಕಲಸಿಕೊಂಡು ಕೋಣೆಗೆ ಹೋದರೆ, ಮಗು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಸೊಸೆ ಒಂದು ಕೈಯಲ್ಲಿ ಅದರ ಬೆನ್ನು ಸವರುತ್ತಾ ಇನ್ನೊಂದು ಕೈಯಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ಕರೆಯಬೇಡಿ, ಈಗತಾನೆ ನಿದ್ದೆ ಹತ್ತಿದೆ ಎಂದು ಕಣ್ಣಲ್ಲೇ ಹೇಳಿದಳು. ತಟ್ಟೆಗೆ ಮುಚ್ಚಳ ಮುಚ್ಚಿ ಅಲ್ಲೇ ಇಟ್ಟು ಬಂದೆ.